ಸಾಯಬಣ್ಣನ ಆಸ್ಟ್ರಿಯಾದ ಗುರು

ಸುಳ್ಳು ಹೇಳುವಾಗ ದೊಡ್ಡವರ ಹೆಸರು ಹೇಳಬಾರದು ಎಂಬಷ್ಟು ಬುದ್ಧಿ ಸಾಯಬಣ್ಣನಿಗಿತ್ತು. ಆ ಬುದ್ಧಿಯೇ ಅವನನ್ನು ಕೆಡಿಸಿತು.

ಎರಡು ವರ್ಷದ ಹಿಂದಿನ ಮಾತು. ಕಮಲಾಪುರದಲ್ಲಿ ಹೊಸ ಶಾಲೆ ತೆರೆದಿದ್ದ ಚೇರಮನ್ ಮಲ್ಕಣಗೌಡರು ಕಲಬುರಗಿಯ ನೆಹರು ಗಂಜಿನಲ್ಲಿ, ತಮ್ಮ ತೊಗರಿ ಅಂಗಡಿಯ ಗಾದಿಯ ಮೇಲೆ ಕೂತೇ ಫುಟ್‌ಬಾಲ್ ಮಾಸ್ತರನ ಸಂದರ್ಶನ ನಡೆಸಿದ್ದರು. ಸಾಯಬಣ್ಣ ಹುಟ್ಟಾ ಖೋಖೋ ಆಟಗಾರ. ಫುಟ್‌ಬಾಲನ್ನು ಕಾಲಿನಿಂದ ಒದೆಯಬೇಕು ಎಂಬುದರಾಚೆ ಅವನಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ವಶೀಲಿಗೆಂದು ಜೊತೆಗೆ ಬಂದಿದ್ದ ನೆರೆಮನೆಯ ಮಾಪಣ್ಣ ಸುಮ್ಮನಿರಬೇಕಲ್ಲ. "ಹುಡುಗ ಫಾರಿನ್‌ದಾಗ ಕಲ್ತು ಬಂದಾನ್ರೀ ಗೌಡ್ರ" ಎಂದುಬಿಟ್ಟ.

"ಹೌದಾ? ಯಾರ ಕೈಯಾಗ ಕಲ್ತಿ?" ಎಂದರು ಗೌಡರು.

ಹಿಂದಿನ ದಿನ ಮೊಬೈಲಿನಲ್ಲಿ ಆಟದ ನಿಯಮ ಓದುವಾಗ ಕಣ್ಣಿಗೆ ಬಿದ್ದಿದ್ದ ಒಂದು ಹೆಸರು ಸಾಯಬಣ್ಣನ ಬಾಯಿಗೆ ಬಂತು. "ಆಸ್ಟ್ರಿಯಾ ದೇಶದ ಆಂಟನ್ ಗ್ರೂಬಿಂಗರ್ ಅಂತ್ರೀ. ಮಿಡ್‌ಫೀಲ್ಡರ್ ಇದ್ರು, ಈಗ ಕೋಚ್." ಗೋಲು ಹೊಡೆಯುವವನ ಹೆಸರು ಹೇಳಿದರೆ ಯಾರಾದರೂ ವಿಚಾರಿಸಿಯಾರು. ಮೈದಾನದ ನಡುವೆ ಓಡಾಡಿಕೊಂಡಿದ್ದ ಆಸ್ಟ್ರಿಯಾದವನನ್ನು ನೆಹರು ಗಂಜಿನಲ್ಲಿ ಯಾರು ಕೇಳುತ್ತಾರೆ? ಕೆಲಸ ಸಿಕ್ಕಿತು, ಟೆಂಪರವರಿಯಾಗಿ.

ಸಿಕ್ಕ ಮೇಲೆ ಆ ಸುಳ್ಳನ್ನು ಸಾಕಬೇಕಾಯಿತು. ಸಾಯಬಣ್ಣ ಗ್ರೂಬಿಂಗರನ ಚರಿತ್ರೆಯನ್ನು ತನ್ನ ಮನೆತನದ ಚರಿತ್ರೆಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯ ಕೂಲಿಕಾರನ ಮಗನಾಗಿ ಹುಟ್ಟಿದ್ದು, ವಿಯೆನ್ನಾದ ದೊಡ್ಡ ಕ್ಲಬ್ಬಿನಲ್ಲಿ ಬರೀ ಬೆಂಚು ಕಾಯ್ದದ್ದು, ಅಲ್ಲಿಂದ ಎರಡನೇ ದರ್ಜೆಯ ಕ್ಲಬ್ಬಿಗೆ ಹೋದದ್ದು, ಅದು ದಿವಾಳಿಯೆದ್ದ ಮೇಲೆ ಇನ್ನೊಂದಕ್ಕೆ, ಅದೂ ಸರಿಬರದೆ ಸ್ವಿಟ್ಜರ್ಲೆಂಡಿಗೆ, ಮತ್ತೆ ಊರಿಗೆ. ಕೊನೆಗೆ ಮೊಣಕಾಲು ಕೆಟ್ಟಿತು, ಕೋಚ್ ಆದ. ಕೋಚ್ ಆದ ಮೇಲೂ ಅದೇ ಹಣೆಬರಹ. ಸಂಕ್ರಾಂತಿಗೆ ಸೇರಿಸಿಕೊಂಡವರು ದೀಪಾವಳಿಗೆ ತೆಗೆದುಹಾಕುತ್ತಿದ್ದರು. ಓದುತ್ತ ಓದುತ್ತ ಸಾಯಬಣ್ಣನಿಗೆ ಆ ಮನುಷ್ಯನ ಮೇಲೆ ನಿಜವಾದ ಪ್ರೀತಿಯೇ ಹುಟ್ಟಿತು. 'ಪಾಪ, ಇಂವನೂ ನನ್ನಂಗ ಜನ್ಮಪೂರ್ತಿ ಟೆಂಪರವರಿ' ಎಂದುಕೊಂಡ. ಶಾಲೆಯಲ್ಲಿ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ "ಗ್ರೂಬಿಂಗರ್ ಗುರುಗೋಳು ಇದನ್ನ ಬ್ಯಾರೆ ಥರ ಹೇಳ್ತಿದ್ರು" ಎನ್ನುತ್ತಿದ್ದ. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಇವತ್ತು ಆ ಶಾಲೆಯಲ್ಲಿ ಗೌಡರ ಹೊಸ ಫುಟ್‌ಬಾಲ್ ಅಕಾಡೆಮಿಯ ಉದ್ಘಾಟನೆ. ಸಾಯಬಣ್ಣನನ್ನು ಅದರ ಮುಖ್ಯ ಕೋಚ್ ಎಂದು ವೇದಿಕೆಯ ಮೇಲೇ ಘೋಷಿಸಿ ಪರ್ಮನೆಂಟ್ ಮಾಡುವವರಿದ್ದರು. ಹೆಂಡತಿ ಸೂಗಮ್ಮ ಮುಂಜಾನೆಯೇ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ನಾಷ್ಟಾಕ್ಕೆ ನೆನೆಸಿದ ಮಂಡಕ್ಕಿಯ ಸುಸಲಾ ಕಲಸುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಹಿಂದಿ ಮಾಸ್ತರಣಿ ತುಳಜಾಬಾಯಿ.

"ಸಾಯಬಣ್ಣ ಸರ್, ಗಟ್ಟಿಯಾಗಿ ಕುಂದರ್ರಿ. ನಿಮಗೊಂದು ಸರ್‌ಪ್ರೈಜ್ ಅದ. ನಿಮ್ಮ ಗುರುಗೋಳು ಹೈದರಾಬಾದಿನ ಯಾವ್ದೋ ಕ್ಯಾಂಪಿಗೆ ಬಂದಾರಂತ ನಮ್ಮ ನೋಮಾನ್ ಸರ್ ಹುಡುಕಿ ತೆಗದ್ರು. ಮೇಲ್ ಹಾಕಿದ್ರು. ಬರ್ತೀನಿ ಅಂದಾರ! ಈಗ ಟ್ರೇನಿನಾಗ ಬರಾಕತ್ತಾರ. ಜೀಪ್ ತಗೊಂಡು ನಿಮ್ಮ ಮನೀಗೆ ಬರ್ತೀನಿ, ಇಬ್ಬರೂ ಸ್ಟೇಶನ್ನಿಗೆ ಹೋಗೂಣು."

"ಯಾವ ಗುರುಗೋಳು?" ಎಂದ ಸಾಯಬಣ್ಣ. ಕೇಳಬೇಕಾಗಿರಲಿಲ್ಲ, ಗೊತ್ತಿತ್ತು.

ಫೋನಿಟ್ಟವನೇ ಹೋಗಿ ಕೌದಿ ಹೊದ್ದು ಮಲಗಿದ. ಸುಡುವ ಬಿಸಿಲಿಗೆ ಕೌದಿಯೊಳಗೆ ಬೆವರು ಧಾರೆಧಾರೆ ಇಳಿಯಿತು. ಸೂಗಮ್ಮ ಗಾಬರಿಯಾಗಿ ಮಾಪಣ್ಣನನ್ನು ಕರೆತಂದಳು.

"ಮಾಪಣ್ಣ, ನಂದು ಮುಗೀತು. ಗ್ರೂಬಿಂಗರ್ ಬರಾಕತ್ತಾನ" ಎಂದು ಸಾಯಬಣ್ಣ ಪಿಸುಗುಟ್ಟಿದ.

"ಬರ್ಲಿ ಬಿಡೋ! ಎಷ್ಟು ಛಲೋ ಆತು. ಗುರುಗೋಳು ಬರಾಕತ್ತಾರಂದ್ರ ಹಿಂಗ ಮಲಗ್ತಾರೇನು? ಅವರ ಕೈಯಾಗ ನೀ ಕಲ್ತಿಲ್ಲೇನು?"

"ನಾ ಎಲ್ಲಿ ಕಲ್ತೀನೋ ಮಾರಾಯಾ! ನೀನೇ ಅಲ್ಲೇನು ಆವತ್ತು ಸುಳ್ಳು ಹೇಳಿದಂವ?"

ಮಾಪಣ್ಣ ಅವನ ಹಣೆ ಮುಟ್ಟಿ ನೋಡಿ ಸೂಗಮ್ಮನತ್ತ ತಿರುಗಿದ. "ಜ್ವರ ನೆತ್ತಿಗೇರ್ಯದ ತಂಗಿ. ಏನೇನೋ ಬಡಬಡಸಾಕತ್ತಾನ." ಎರಡು ವರ್ಷದಿಂದ ಆ ಸುಳ್ಳನ್ನು ಊರೆಲ್ಲ ಹೇಳಿಕೊಂಡು ತಿರುಗಿ ಮಾಪಣ್ಣ ಈಗ ಅದನ್ನು ತಾನೇ ಪೂರ್ತಿ ನಂಬಿದ್ದ. ಕೌದಿ ಕಿತ್ತೆಸೆದು, ಸಾಯಬಣ್ಣನನ್ನು ಎಬ್ಬಿಸಿ, ಅಂಗಿ ತೊಡಿಸಿ ಜೀಪಿಗೆ ಹತ್ತಿಸಿದ. ತಾನೂ ಹಿಂದೆ ಹತ್ತಿ ಕೂತ.

ಕಲಬುರಗಿ ಸ್ಟೇಶನ್ನಿನಲ್ಲಿ ಗ್ರೂಬಿಂಗರ್ ಇಳಿದ. ಉದ್ದನೆಯ ಆಳು, ಬೋಳು ತಲೆ, ಎಡಗಾಲು ಎಳೆದು ನಡೆಯುತ್ತಿದ್ದ. ಮೊಬೈಲಿನ ಚಿತ್ರದಲ್ಲಿ ಇದ್ದುದಕ್ಕಿಂತ ದಣಿದ ಮುಖ. ಸಾಯಬಣ್ಣ ಮುಖ ತೋರಿಸದಿದ್ದರೆ ಸಾಕೆಂದು ಓಡಿಹೋಗಿ ಅಡ್ಡಬಿದ್ದು ಪಾದ ಹಿಡಿದುಕೊಂಡುಬಿಟ್ಟ. ಗ್ರೂಬಿಂಗರ್ ಬೆಚ್ಚಿ ಹಿಂದೆ ಸರಿದು, ಏನಾದರೂ ಬಿದ್ದಿದೆಯೇ ಎಂದು ತಾನೂ ಬಗ್ಗಿ ಪ್ಲಾಟ್‌ಫಾರ್ಮನ್ನೆಲ್ಲ ಹುಡುಕಿದ.

ಕಮಲಾಪುರದ ಹಾದಿಯಲ್ಲಿ ಗ್ರೂಬಿಂಗರ್ ಮುಂದಿನ ಸೀಟಿನಲ್ಲಿ ಕೂತು ಗೊರಕೆ ಹೊಡೆಯತೊಡಗಿದ. ಎಚ್ಚರವಾದಾಗ ಅವನ ಕಿವಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡು, 'ಇದೊಂದು ದಿವಸ ನನ್ನ ಮಾನ ಉಳಿಸು' ಎಂದು ಬೇಡಿಕೊಳ್ಳಬೇಕೆಂದಿದ್ದ ಸಾಯಬಣ್ಣ. ಅದಕ್ಕೆ ಬೇಕಾದ ಇಂಗ್ಲಿಷನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದ. ಆದರೆ ಪಕ್ಕದಲ್ಲಿ ತುಳಜಾಬಾಯಿ ಕೂತಿದ್ದಳು.

"ಸರ್, ಗುರುಗೋಳು ನಿಮ್ಮ ಗುರ್ತೇ ಹಿಡೀಲಿಲ್ಲಲ್ರೀ?"

ಸಾಯಬಣ್ಣ ಮೀಸೆಯ ಮೇಲೆ ಕೈಯಾಡಿಸಿದ. "ಆವಾಗ ನನಗ ಮೀಸಿ ಇದ್ದಿಲ್ರೀ ಬಾಯೀ. ಅದಕ್ಕ ಇರಬೇಕು."

"ಇಷ್ಟೇ ಏನು? ಡ್ರೈವರ್, ಮಹಾಗಾಂವ್ ಕ್ರಾಸಿನಾಗ ಕಟಿಂಗ್ ಅಂಗಡಿ ಮುಂದ ನಿಲ್ಲಸು!"

"ಬಾಯೀ, ಬ್ಯಾಡ್ರೀ! ನಮ್ಮಪ್ಪ ಇನ್ನೂ ಜೀವಂತ ಅದಾನ್ರೀ!" ಎಂದು ಸಾಯಬಣ್ಣ ಕೂಗಿಕೊಂಡ. ಅಪ್ಪ ಬದುಕಿರುವಾಗ ಮೀಸೆ ತೆಗೆಸಿದ ಗಂಡಸು ಅವರ ಮನೆತನದಲ್ಲೇ ಇರಲಿಲ್ಲ.

"ಗುರುಗೋಳೂ ಅಪ್ಪ ಇದ್ದಂಗೇ. ಗುರ್ತು ಸಿಗೋದು ಮುಖ್ಯನೋ, ಮೀಸಿ ಮುಖ್ಯನೋ?" ಎನ್ನುತ್ತ ಮಾಪಣ್ಣ ಅವನ ಎರಡೂ ತೋಳು ಹಿಡಿದು ಅಂಗಡಿಯೊಳಗಿನ ಕುರ್ಚಿಯಲ್ಲಿ ಕೂಡಿಸಿದ. ಕತ್ತಿ ಎರಡು ಸಲ ಆಡಿತು. ಕನ್ನಡಿಯಲ್ಲಿ ಸುಲಿದ ಗೆಣಸಿನಂಥ ಮುಖವೊಂದು ಸಾಯಬಣ್ಣನನ್ನು ನೋಡಿತು. ಅವನಿಗೆ ಅಳು ಬಂತು.

ಕಮಲಾಪುರದ ಶಾಲೆಯ ಗೇಟಿನಲ್ಲಿ ಜವಾನ ಜಹೀರುದ್ದೀನ್ ಹಲಗೆ ಬಾರಿಸುವವರನ್ನು ಕೈಯೆತ್ತಿ ನಿಲ್ಲಿಸಿದ. ಸಾಯಬಣ್ಣನ ಮುಖ ನೋಡಿ ಟೋಪಿ ತೆಗೆದು, "ಯಾವಾಗ ಹೋದ್ರು ಸರ್ ಅಪ್ಪಾರು? ಭಾಳ ಛಲೋ ಮನುಷ್ಯಾ ಇದ್ರು" ಎಂದ. ಸ್ವಲ್ಪ ಹೊತ್ತಿನಲ್ಲಿ ತಾನೂ ಹೋಗುವವನೇ ಎಂದು ಸಾಯಬಣ್ಣನಿಗೆ ಅನಿಸುತ್ತಿತ್ತು.

ಪೆಂಡಾಲು ಕಿಕ್ಕಿರಿದಿತ್ತು. ಮಲ್ಕಣಗೌಡರು ಗ್ರೂಬಿಂಗರನ ಕೈಗೆ ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನೇ ಕೊಟ್ಟು ಸ್ವಾಗತಿಸಿ, ಮದುವೆ ಮನೆಯಿಂದ ತರಿಸಿದ್ದ ಸಿಂಹಾಸನದ ಮೇಲೆ ಕೂಡಿಸಿದರು. ಮೈಕು ಹಿಡಿದು, "ಮೊದಲು ಗುರುವಂದನಾ. ನಮ್ಮ ಸಾಯಬಣ್ಣ ತನ್ನ ಗುರುಗೋಳ ಪಾದಪೂಜಾ ಮಾಡ್ತಾನ" ಎಂದು ಸಾರಿದರು.

ಪಾದ ತೊಳೆಯಲು ಹಿತ್ತಾಳೆಯ ಅಗಲ ತಟ್ಟೆ, ಪರಾತ ಬಂತು, ತಂಬಿಗೆ ನೀರು ಬಂತು. ಗ್ರೂಬಿಂಗರನಿಗೆ ಬೂಟು ಬಿಚ್ಚಲು ಹೇಳಿದಾಗ ಅವನು ಖುಷಿಯಾಗಿ ಎಡಗಾಲನ್ನೇ ಮುಂದೆ ಚಾಚಿ ಏನೋ ಹೇಳಿದ. ಇಂಗ್ಲಿಷ್ ಮಾಸ್ತರ ನೋಮಾನ್ ಅದನ್ನು ತರ್ಜುಮೆ ಮಾಡಿದ. "ನೋವು ಮೊಣಕಾಲಿಗೆ ಅದ, ಪಾದಕ್ಕ ಅಲ್ಲ ಅಂತಾರ."

ಸಾಯಬಣ್ಣ ಪರಾತದ ಮೇಲೆ ಬಗ್ಗಿದ. ತಲೆಯೆತ್ತಿದರೆ ಮುಖ ಕಾಣುತ್ತದೆ. ಮುಖ ಕಂಡರೆ 'ಇಂವ ಯಾರು?' ಎನ್ನುತ್ತಾನೆ. ಆ ಮಾತು ಬಾಯಿಂದ ಬಂತೆಂದರೆ ಕೆಲಸ ಹೋಯಿತು, ಮಾನ ಹೋಯಿತು, ಸೂಗಮ್ಮ ಓಣಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಹೆದರಿಕೆಗೆ ಅವನ ಕಣ್ಣಿಂದ ನೀರು ಬಳಬಳ ಉದುರಿ ಪರಾತದಲ್ಲಿ ಬಿತ್ತು. ಉಜ್ಜಿದ್ದೇ ಉಜ್ಜಿದ. ಒಂದೇ ಪಾದವನ್ನು ಎಷ್ಟು ಹೊತ್ತು ತೊಳೆಯುತ್ತಾನೆ ಎಂದು ಜನ ಗುಸುಗುಸು ಶುರುಮಾಡಿದರು. ಹೆಂಗಸರು, "ಎಂಥಾ ಭಕ್ತಿ ನೋಡವ್ವಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಾಕೇಳೋ, ಚರ್ಮ ಕಿತ್ತು ಬಂದೀತು" ಎಂದು ಗೌಡರು ಅವನನ್ನು ಎಬ್ಬಿಸಿ ನಿಲ್ಲಿಸಿದರು. "ಗುರುಗಳೇ, ಇಂವ ನಿಮ್ಮ ಶಿಷ್ಯ. ಇವನ ಬಗ್ಗೆ ಎರಡು ಮಾತು ಹೇಳ್ರಿ. ಮುಚ್ಚುಮರಿ ಬ್ಯಾಡ, ಖರೇನೇ ಹೇಳ್ಬೇಕು. ಅದರ ಮ್ಯಾಲೇ ಇವನ್ನ ಪರ್ಮನೆಂಟ್ ಮಾಡ್ತೇನಿ."

ನೋಮಾನ್ ತರ್ಜುಮೆ ಮಾಡಿದ. ಗ್ರೂಬಿಂಗರ್ ಸಾಯಬಣ್ಣನ ಗದ್ದ ಹಿಡಿದೆತ್ತಿ, ಬೋಳು ಮುಖವನ್ನೂ ಕೆಂಪಾದ ಕಣ್ಣನ್ನೂ ದಿಟ್ಟಿಸಿದ. ಸಾಯಬಣ್ಣ ಮನಸ್ಸಿನಲ್ಲೇ ಶರಣಬಸವೇಶ್ವರನಿಗೆ ಉರುಳುಸೇವೆ ಹರಕೆ ಹೊತ್ತ.

ಒಮ್ಮೆಲೇ ಗ್ರೂಬಿಂಗರನ ಮುಖ ಅರಳಿತು. "ಯಸ್! ಯಸ್!" ಎಂದು ಸಾಯಬಣ್ಣನ ಭುಜ ತಟ್ಟಿದ.

"ಗುರ್ತು ಸಿಕ್ಕಿತು ಅಂತಾರ!" ಎಂದು ನೋಮಾನ್ ಕೂಗಿದ. ಚಪ್ಪಾಳೆಗೆ ಪೆಂಡಾಲು ನಡುಗಿತು. ತುಳಜಾಬಾಯಿ ಎಲ್ಲ ತನ್ನದೇ ಪುಣ್ಯವೆಂಬಂತೆ ಸುತ್ತ ನೋಡಿದಳು. ಮಾಪಣ್ಣ ಎದ್ದು ನಿಂತು, "ನಾ ಹೇಳಿದ್ದಿಲ್ಲೇನ್ರೀ ಗೌಡ್ರ!" ಎಂದ.

ಸಾಯಬಣ್ಣನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಎಂಥ ದೊಡ್ಡ ಮನುಷ್ಯ! ಕಂಡರಿಯದ ಬಡಪಾಯಿಯ ಕಣ್ಣೀರು ನೋಡಿ ಮಾನ ಉಳಿಸಿದನಲ್ಲ! ಈ ಸಲ ಅವನಿಗೆ ಬಂದದ್ದು ಖರೇ ಭಕ್ತಿಯ ಅಳು.

"ಸೈಪ್ರಸ್ ದೇಶದಾಗ ಇಂವ ನನ್ನ ಟೀಮಿನಾಗಿದ್ದ ಅಂತಾರ" ಎಂದು ನೋಮಾನ್ ಮುಂದುವರಿಸಿದ. "ಇಷ್ಟು ವರ್ಷ ಕೋಚ್ ಆಗೀನಿ, ಇಂಥಾ ಆಟಗಾರ ಎಲ್ಲೂ ಸಿಗಲಿಲ್ಲ ಅಂತಾರ."

ಮತ್ತೆ ಚಪ್ಪಾಳೆ. ಗೌಡರು ಸಾಯಬಣ್ಣನಿಗೆ ಹೊದಿಸಲು ಶಾಲು ಬಿಚ್ಚಿದರು. ಗ್ರೂಬಿಂಗರ್ ಮಾತು ನಿಲ್ಲಿಸಲಿಲ್ಲ. ದನಿ ಏರಿತು, ಕೈ ಗಾಳಿಯಲ್ಲಿ ಆಡತೊಡಗಿತು. ನೋಮಾನ್ ಚಷ್ಮಾ ತೆಗೆದು ಒರೆಸಿಕೊಂಡ. ಅವನು ಪ್ರಾಮಾಣಿಕ ಮನುಷ್ಯ, ತರ್ಜುಮೆಯಲ್ಲಿ ಒಂದು ಶಬ್ದ ಬಿಡುವವನಲ್ಲ.

"ಇಂಥಾ... ಇಂಥಾ ದಂಡಪಿಂಡ ಎಲ್ಲೂ ಸಿಗಲಿಲ್ಲ ಅಂತಾರ. ಬಾಲ್ ಬಂದ್ರ ಬಾಜೂಕ ಸರೀತಿದ್ದ ಅಂತಾರ. ಕಡೀ ಮ್ಯಾಚಿನಾಗ ಡ್ರಾ ಆಗಿದ್ರ ಸಾಕಿತ್ತು. ಕಡೀ ನಿಮಿಷದಾಗ ಎದುರಾಳಿ ಬಾಲ್ ತಗೊಂಡು ಓಡಿ ಬರಾಕತ್ತಿದ್ರ ಇಂವ ಬಗ್ಗಿ ಬೂಟಿನ ಲೇಸ್ ಕಟ್ಟಿಕೊಳ್ಳಾಕತ್ತಿದ್ದ ಅಂತಾರ. ಗೋಲ್ ಆತು, ಟೀಮ್ ಕೆಳಗಿನ ದರ್ಜಾಕ್ಕ ಬಿತ್ತು. ನನ್ನ ಕೆಲಸ ಹೋತು. ಆವತ್ತಿನಿಂದ ನನಗ ಒಂದು ಊರಾಗೂ ನೆಲಿ ಸಿಗವಲ್ದು ಅಂತಾರ."

ಶಾಲು ಗೌಡರ ಕೈಯಲ್ಲೇ ಉಳಿಯಿತು.

"ಈ ಮುಖ ಅಷ್ಟು ನೆನಪಿದ್ದಿಲ್ಲ ಅಂತಾರ. ಆದ್ರ ಅಳ್ಕೋತ ಕಾಲು ತೊಳಿಯೋದು ನೋಡಿದೆ, ತಿಳೀತು. ಅಂಥಾ ಪಾಪ ಮಾಡಿದಂವ ಅವನೊಬ್ಬನೇ. ಕ್ಷಮಾ ಕೇಳಾಕ ಇಷ್ಟು ದೂರ ಕರೆಸ್ಯಾನ. ಹೋಗ್ಲಿ, ಕ್ಷಮಿಸೀನಿ ಅಂತಾರ." ಗ್ರೂಬಿಂಗರ್ ಕಣ್ಣೀರು ಸುರಿಸುತ್ತ ಸಾಯಬಣ್ಣನನ್ನು ಬಿಗಿದಪ್ಪಿಕೊಂಡ. ಹಲವು ಊರಿನ, ನೂರಾರು ಮುಖಗಳ ನಡುವೆ ಕಳೆದುಹೋಗಿದ್ದ ತನ್ನ ವೈರಿ ಕೊನೆಗೂ ಸಿಕ್ಕನೆಂಬ ನೆಮ್ಮದಿ ಆ ಅಪ್ಪುಗೆಯಲ್ಲಿತ್ತು.

ಮಲ್ಕಣಗೌಡರ ಕಣ್ಣೂ ತುಂಬಿದವು. ಕೈಯಲ್ಲಿದ್ದ ಶಾಲನ್ನು ಗ್ರೂಬಿಂಗರನಿಗೆ ಹೊದಿಸಿದರು. "ಇಂಥಾ ದೇವರಂಥಾ ಮನುಷ್ಯಾಗ ಊರು ಇಲ್ಲಂದ್ರ ಹ್ಯಾಂಗ? ಇವತ್ತಿಂದ ಅಕಾಡೆಮಿ ಇವರದೇ!" ಎಂದು ಸಾರಿ, ಸಾಯಬಣ್ಣನತ್ತ ತಿರುಗಿದರು. "ಅದಕ್ಕೇ ಏನಲೇ ಬರೀ ಆಸ್ಟ್ರಿಯಾ ಆಸ್ಟ್ರಿಯಾ ಅಂತಿದ್ದಿ? ಸೈಪ್ರಸ್ ಸುದ್ದಿ ಎರಡು ವರ್ಷ ಮುಚ್ಚಿಟ್ಟಿಯಲ್ಲ! ಗುರುವಿನ ಅನ್ನಕ್ಕ ಕಲ್ಲು ಹಾಕಿದಂವ ನಮ್ಮ ಮಕ್ಕಳಿಗೆ ಏನು ಕಲಸ್ತೀಯೋ?"

"ನಾ ಅವತ್ತೇ ಅಂದಿದ್ದೆ, ಹುಡುಗ ಏನೋ ಮುಚ್ಚಿಡಾಕತ್ತಾನಂತ" ಎಂದ ಮಾಪಣ್ಣ.

ಸಾಯಬಣ್ಣ ಬಾಯಿ ತೆರೆದ. 'ಅಂವ ನಾನಲ್ರೀ, ಸೈಪ್ರಸ್ ಯಾವ ದಿಕ್ಕಿಗೆ ಅದ ಅನ್ನೋದೂ ನನಗ ಗೊತ್ತಿಲ್ಲ' ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ಗೌಡರ ಮುಂದಿನ ಪ್ರಶ್ನೆ ಏನೆಂಬುದೂ ಗೊತ್ತಿತ್ತು: 'ಹಂಗಾದ್ರ ಗುರುಗೋಳನ್ನ ಎಲ್ಲಿ ಕಂಡಿದ್ದಿ?'

"ಕ್ಷಮಾ ಕೇಳ್ರೀ ಸರ್, ಜನ ನೋಡಾಕತ್ತಾರ" ಎಂದು ಹಿಂದಿನಿಂದ ತುಳಜಾಬಾಯಿ ತಿವಿದಳು. ಗೌಡರು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು.

ಸಾಯಬಣ್ಣ ಎರಡೂ ಕೈ ಜೋಡಿಸಿದ. "ತಪ್ಪಾತ್ರೀ ಗುರುಗಳೇ" ಎಂದ. "ಆವತ್ತು ನಾ ಲೇಸ್ ಕಟ್ಟಿಕೊಳ್ಳಬಾರದಿತ್ತು."