ತಾರೀಖು ಓದುವ ಮಾವ

ನಮ್ಮ ಸೋದರಮಾವನಂಥ ಜಿಪುಣ ಸಂಡೂರಿನಿಂದ ಕಂಪ್ಲಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ಸ್ವಂತದ್ದನ್ನು ಬಿಗಿಹಿಡಿಯುವ ಜಿಪುಣರನ್ನು ನೀವೂ ಕಂಡಿರುತ್ತೀರಿ. ಸರ್ಕಾರದ್ದನ್ನು ಬಿಗಿಹಿಡಿಯುವವರನ್ನು ಕಂಡಿದ್ದೀರಾ?

ಮರಿಯಮ್ಮನಹಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವುದು ಅವರ ಕೆಲಸ. ಯಾವ ಔಷಧದ ಅವಧಿ ಎಂದು ಮುಗಿಯುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಾರೆ. ಅವಧಿ ಮೀರಿದ್ದನ್ನು ಎಸೆಯಬೇಕಾಗಿ ಬಂದ ದಿನ ಅವರಿಗೆ ಅನ್ನ ಇಳಿಯುವುದಿಲ್ಲ. ಹಾಗಾಗಿ ಬೇಗ ಮುಗಿಯುವುದು ಕಪಾಟಿನಲ್ಲಿ ಮುಂದೆ, ಉಳಿದದ್ದು ಹಿಂದೆ. ಆಸ್ಪತ್ರೆಗೆ ಸರಿ, ನಮ್ಮ ಉಪ್ಪಿನಕಾಯಿ ಭರಣಿಗಳನ್ನೂ ಹಾಗೇ ಜೋಡಿಸಿದರೆ? ನನ್ನ ಮದುವೆಯಲ್ಲಿ ಬೀಗರು ಕೈಗಿತ್ತ ಷರಬತ್ತಿನ ಬಾಟಲಿ ತಿರುಗಿಸಿ ತಾರೀಖು ಓದಿದ ಮಹಾನುಭಾವ! ಬೀಗರು ಇವತ್ತಿಗೂ ಅವರನ್ನು ಕಂಡರೆ ಮುಖ ತಿರುಗಿಸುತ್ತಾರೆ.

ತಮ್ಮಲ್ಲಿ ಖರ್ಚಾಗದ ಔಷಧವನ್ನು, ವೈದ್ಯರ ಸಹಿ ಪಡೆದು, ಬೇಕಾದ ಆಸ್ಪತ್ರೆಗೆ ತಾವೇ ಹೊತ್ತೊಯ್ಯುವುದು ಇನ್ನೊಂದು ಹುಚ್ಚು. ಹೋದ ಮಳೆಗಾಲದಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧವನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ನಮ್ಮೂರ ಆಸ್ಪತ್ರೆಗೆಂದು ಕಂಪ್ಲಿ ಬಸ್ಸು ಹತ್ತಿದರು. ಸಿಕ್ಕ ಒಂದೇ ಸೀಟಿನಲ್ಲಿ ಡಬ್ಬಿ ಕೂತಿತ್ತು, ಮಾವ ನಿಂತಿದ್ದರು! ಕಂಡಕ್ಟರ್ ಗೊಣಗಿದ್ದಕ್ಕೆ ಡಬ್ಬಿಗೂ ಟಿಕೆಟ್ ತೆಗೆದರಂತೆ. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ರೊಟ್ಟಿ ಬಡಿದು ತಮ್ಮನಿಗಾಗಿ ಕಾದಿದ್ದಳು. ಮಾವ ಬಾಗಿಲಲ್ಲೇ ನಿಂತು ನೀರು ಕುಡಿದು, ಐಸ್ ಕರಗುತ್ತದೆಂದು ಹೊರಟೇಬಿಟ್ಟರು.

“ಹಾವಿನ ಔಷಧಕ್ಕ ಇರೋ ಮರ್ಯಾದಿ ಅಕ್ಕಗಿಲ್ಲ ನೋಡು,” ಎಂದ ಅವ್ವ, ಆಮೇಲೆ ಅವರ ಫೋನನ್ನೇ ಎತ್ತಲಿಲ್ಲ.

ಹತ್ತು ದಿನ ಕಳೆದಿರಲಿಲ್ಲ, ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅವ್ವನಿಗೇ ಹಾವು ಕಚ್ಚಿತು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಓಡಿದೆವು. ಔಷಧ ಏರಿಸಿದ ನರ್ಸಮ್ಮ ನನ್ನ ಕಡೆ ತಿರುಗಿದರು.

“ನಿಮ್ಮ ಮಾವ ತಂದುಕೊಟ್ಟದ್ದ ರೀ ಇದು. ನಮ್ಮದು ಮೊನ್ನೆನ ಖಾಲಿ ಆಗಿತ್ತು.”

ಆ ಡಬ್ಬಿಯ ಸುದ್ದಿ ಕೇಳಿ ನಕ್ಕವನು ನಾನೇ ಅಲ್ಲವೇ! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸಂಜೆ ಹೊತ್ತಿಗೆ ಮಾವ ಏದುಸಿರು ಬಿಡುತ್ತ ಬಂದರು. ಹುಟ್ಟುಗುಣ ಎಲ್ಲಿಗೆ ಹೋಗಬೇಕು? ಮೊದಲು ಖಾಲಿ ಬಾಟಲಿ ಎತ್ತಿ ತಾರೀಖು ಓದಿದರು. “ಇನ್ನೂ ಹದಿನೆಂಟು ದಿನ ಇತ್ತಕ್ಕಾ,” ಎನ್ನುವಷ್ಟರಲ್ಲಿ ದನಿ ಒಡೆದು, ಅವ್ವನ ಮಂಚದ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ಅವ್ವ ನಿಧಾನವಾಗಿ ಕಣ್ಣು ತೆರೆದು ಅವರ ತಲೆಯ ಮೇಲೆ ಕೈಯಿಟ್ಟಳು.

“ಈ ಸಲನರ ಉಂಡು ಹೋಗೋ, ತಮ್ಮಾ,” ಎಂದಳು.