ಬಟರ್‌ನಟ್ ಹಾಲೋ ಕಾಲೇಜಿನ ಘನವಾದ ಸೋಲು

ಆಡಿದ ಪಂದ್ಯಗಳನ್ನೆಲ್ಲ ಗೆದ್ದ ತಂಡವು ಶ್ರೇಯಾಂಕ ಪಟ್ಟಿಯ ಕೊನೆಯಲ್ಲಿರತಕ್ಕದ್ದು ಎಂಬುದು ಉತ್ತರಗುಡ್ಡ ಕಾಲೇಜುಗಳ ಲಕ್ರಾಸ್ ಒಕ್ಕೂಟದಲ್ಲಿ ಸರ್ವರೂ ಒಪ್ಪಿಕೊಂಡಿರುವ ವಿಷಯ. ಆ ವರ್ಷ ನ್ಯೂಯಾರ್ಕ್ ರಾಜ್ಯದ ಮೇಲುಭಾಗದಲ್ಲಿ ಏಪ್ರಿಲ್ ಬಂದರೂ ಹಿಮ ಬೀಳುವುದನ್ನು ಬಿಡಲಿಲ್ಲ, ಬಟರ್‌ನಟ್ ಹಾಲೋ ಕಾಲೇಜು ಗೆಲ್ಲುವುದನ್ನು ಬಿಡಲಿಲ್ಲ. ಹೀಗಾಗಿ ಒಕ್ಕೂಟದ ಆರು ಕಾಲೇಜುಗಳಲ್ಲಿ ಅದು ಆರನೆಯದಾಗಿತ್ತು. ಆಟದ ಋತು ಮುಗಿದ ಮೇಲಿನ ಟೂರ್ನಿಗೆ ಮೊದಲ ನಾಲ್ಕು ಕಾಲೇಜುಗಳಿಗೆ ಮಾತ್ರ ಪ್ರವೇಶ. ಅಲ್ಲಿ ಗೆದ್ದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ, ಉಳಿದವರು ಮನೆಗೆ.

ಇದರ ಲೆಕ್ಕ ಗೊತ್ತಿಲ್ಲದವರು ಅನ್ಯಾಯ ಎನ್ನಬಹುದು. ಗೊತ್ತಿಲ್ಲದವರ ಮಾತಿಗೆ ಒಕ್ಕೂಟ ಹೊಣೆಯಲ್ಲ. ಆಯುಕ್ತೆ ಶ್ರೀಮತಿ ಅರ್ಲೀನ್ ಪೆಟ್ಟಿಬೋನ್ ಅವರು ಹೊರಡಿಸಿದ ಸುತ್ತೋಲೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: "ತಂಡದ ಘನತೆಯನ್ನು ಅದರ ಸಹವಾಸದಿಂದ ಅಳೆಯತಕ್ಕದ್ದು. ಗೆದ್ದ ತಂಡವು ತನಗಿಂತ ಕಡಿಮೆಯವರೊಡನೆ ಆಡಿದಂತಾಯಿತು. ಸೋತ ತಂಡವು ತನಗಿಂತ ಮೇಲಿನವರೊಡನೆ ಆಡಿದಂತಾಯಿತು. ಮೇಲಿನವರ ಸಹವಾಸ ಮಾಡಿದವರ ಘನತೆ ಹೆಚ್ಚೆಂದು ಪರಿಗಣಿಸತಕ್ಕದ್ದು."

ಈ ಪ್ರಕಾರ ಮೊದಲ ಸ್ಥಾನ ಸೇಂಟ್ ಆಲ್ಡೆಲ್ಮ್ ಕಾಲೇಜಿಗೆ ಸಂದಿತ್ತು. ಅದು ಒಕ್ಕೂಟದ ಹೊರಗಿನ ಒಂದು ಮಹಾ ವಿಶ್ವವಿದ್ಯಾಲಯದ ಕೈಯಲ್ಲಿ ಕೋಳಿಮರಿಯನ್ನು ಹದ್ದು ಎತ್ತಿಕೊಂಡು ಹೋದ ಹಾಗೆ ಸೋತು ಬಂದಿತ್ತು. ಬಟರ್‌ನಟ್ ಹಾಲೋ ಕೈಯಲ್ಲೂ ಅದು ಸೋತಿದ್ದುಂಟು. ಆದರೆ ಘನತೆಯಿಲ್ಲದವರ ಕೈಯಲ್ಲಿ ಸೋತದ್ದನ್ನು ಸಭ್ಯರು ಎತ್ತಿ ಆಡುವುದಿಲ್ಲ. ಸೇಂಟ್ ಆಲ್ಡೆಲ್ಮ್‌ನಲ್ಲಿ ಹೊಸ ಕ್ರೀಡಾಂಗಣವಿತ್ತು, ಗಾಜಿನ ಕೋಣೆಗಳಿದ್ದವು, ವಾಹನ ನಿಲ್ಲಿಸಲು ದುಡ್ಡು ಕೊಡಬೇಕಾದ ದೊಡ್ಡ ಬಯಲಿತ್ತು. ಆ ದುಡ್ಡಿನಲ್ಲಿ ಒಕ್ಕೂಟಕ್ಕೆ ಪಾಲೂ ಇತ್ತು. ಇದಕ್ಕೂ ಶ್ರೇಯಾಂಕಕ್ಕೂ ಸಂಬಂಧವಿಲ್ಲವೆಂದು ಸುತ್ತೋಲೆಯ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಬರೆದಿತ್ತು. ಎರಡನೇ ಸ್ಥಾನ ಕ್ರೂಗರ್‌ಫೆರಿ ಕಾಲೇಜಿನದು. ಅದು ಅದುವರೆಗೆ ಎದುರಾದವರೆಲ್ಲರ ಕೈಯಲ್ಲೂ ಸೋತಿತ್ತು.

ರಾಯ್ಸ್ ವ್ಯಾಂಡರ್‌ಮಾರ್ಕ್‌ಗೆ ಈ ಲೆಕ್ಕ ಹತ್ತಲಿಲ್ಲ. ಅವನು ಪಲ್ವರ್ಸ್ ಕಾರ್ನರ್ಸ್ ಎಂಬ ಹಳ್ಳಿಯ ಹಾಲಿನ ಡೈರಿಯವರ ಮನೆಯ ಹುಡುಗ. ಲಕ್ರಾಸ್ ಎಂದರೆ ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು, ಎಸೆದು, ಎದುರಾಳಿಯ ಗೂಡಿಗೆ ಗೋಲು ಹೊಡೆಯುವ ಆಟ. ಬಟರ್‌ನಟ್ ಹಾಲೋ ತಂಡದಲ್ಲಿ ಅವನ ಕೆಲಸ ಒಂದೇ. ಆಟ ಶುರುವಾಗುವಾಗ, ಪ್ರತಿ ಗೋಲು ಆದಮೇಲೆ, ನಡುಗೆರೆಯ ಮೇಲೆ ಚೆಂಡಿಟ್ಟು, ಎರಡು ಕಡೆಯ ಒಬ್ಬೊಬ್ಬರು ಅದರ ಅಕ್ಕಪಕ್ಕ ಕಪ್ಪೆಯ ಹಾಗೆ ಕೂತು, ಶೀಟಿ ಊದಿದ ಕೂಡಲೇ ಬಲೆಗೋಲಿನಿಂದ ಅದನ್ನು ಕಿತ್ತುಕೊಳ್ಳಬೇಕು. ಆ ಕಿತ್ತಾಟದಲ್ಲಿ ರಾಯ್ಸ್‌ಗೆ ಸಮನಾದವನು ಆ ಸೀಮೆಯಲ್ಲೇ ಇರಲಿಲ್ಲ. ಇದನ್ನು ಬೇರೆಯವರು ಹೇಳುವ ಮೊದಲೇ ಅವನು ಹೇಳಿ ಮುಗಿಸಿರುತ್ತಿದ್ದ. ಹೋರಿ ಕರುವಿನ ಬಾಯಿಂದ ತಾಯಿಯ ಕೆಚ್ಚಲು ಬಿಡಿಸಿ ಬೆಳೆದ ಕೈ ಇದು, ಪೇಟೆ ಹುಡುಗರ ಕೈಯಿಂದ ಚೆಂಡು ಬಿಡಿಸೋದೇನು ದೊಡ್ಡದು ಎನ್ನುತ್ತಿದ್ದ.

ಅದು ಅವನ ಕೊನೆಯ ವರ್ಷ. ಆ ಮಟ್ಟದ ಆಟಗಾರರನ್ನು ಆಮೇಲೆ ಯಾರೂ ಕೂಲಿ ಕೊಟ್ಟು ಆಡಿಸುವುದಿಲ್ಲ. ಮೇ ತಿಂಗಳು ಮುಗಿದರೆ ಬಲೆಗೋಲು ಅಟ್ಟಕ್ಕೆ, ರಾಯ್ಸ್ ಕೊಟ್ಟಿಗೆಗೆ. ಟೂರ್ನಿಯಲ್ಲಿ ಇನ್ನೊಂದು ಆಟ, ಕೊನೆಗೆ ಒಂದೇ ಒಂದು ಆಟ ಸಿಕ್ಕರೆ ಸಾಕು ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಬೇಡಿಕೊಳ್ಳುತ್ತಿದ್ದೇನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕೋಚ್ ಮರ್ಲ್ ಸ್ಟಾಸ್ಕೊ ಸುತ್ತೋಲೆಯನ್ನು ಮತ್ತೆಮತ್ತೆ ಓದಿ, ಹುಡುಗರನ್ನು ಬಟ್ಟೆ ಬದಲಾಯಿಸುವ ಕೋಣೆಗೆ ಕರೆದು, ಉಳಿದಿರುವುದು ಕ್ರೂಗರ್‌ಫೆರಿ ಜತೆಗಿನ ಒಂದೇ ಪಂದ್ಯ, ಅದನ್ನು ಸೋತರೆ ಟೂರ್ನಿಗೆ ದಾರಿಯಿದೆ ಎಂದು ವಿವರಿಸಿದ. ಹುಡುಗರು ಟಿಪ್ಪಣಿ ಬರೆದುಕೊಂಡರು. ರಾಯ್ಸ್ ಬರೆದುಕೊಳ್ಳಲಿಲ್ಲ.

"ನಂಗೆ ಸೋಲಕ್ಕೆ ಬರಾಕಿಲ್ಲ ಕೋಚ್. ಕಲಿಸಿದೋರು ಯಾರೂ ಇಲ್ಲ."

"ಕಲಿ ಮಗಾ," ಎಂದ ಸ್ಟಾಸ್ಕೊ. "ಸೋತರೆ ಇನ್ನೊಂದು ಆಟ ಸಿಗುತ್ತೆ. ಗೆದ್ದರೆ ಸೋಮವಾರ ಬೆಳಿಗ್ಗೆ ಸಗಣಿ ಬಾಚೋದು ಸಿಗುತ್ತೆ. ನಿಂಗ್ಯಾವ್ದು ಬೇಕು?"

ರಾಯ್ಸ್ ರಾತ್ರಿಯಿಡೀ ಯೋಚಿಸಬೇಕಾಗಲಿಲ್ಲ. ಸಗಣಿ ಅವನಿಗೆ ಗೊತ್ತಿದ್ದ ವಸ್ತು.

ಕೊನೆಯ ಪಂದ್ಯದ ದಿನ ಕಡೇ ವರ್ಷದ ಹುಡುಗರು ಅಪ್ಪ ಅಮ್ಮನ ನಡುವೆ ಮೈದಾನದ ಮಧ್ಯಕ್ಕೆ ನಡೆದು ಬರುವುದು, ಅಮ್ಮನ ಕೈಗೆ ಹೂವು ಕೊಡುವುದು ರೂಢಿ. ಕಾರುಗಳ ಹಿಂಬಾಗಿಲು ತೆರೆದು ಜನ ಬಿಳಿ ಸಾಸೇಜು ಸುಡುತ್ತಿದ್ದರು, ಉಪ್ಪುನೀರಲ್ಲಿ ಬೇಯಿಸಿದ ಪುಟ್ಟ ಆಲೂಗಡ್ಡೆಯ ಮೇಲೆ ಬೆಣ್ಣೆ ಸುರಿಯುತ್ತಿದ್ದರು. ರಾಯ್ಸ್‌ನ ಅಪ್ಪ ಹಾರ್ಲನ್, ಗಂಜಲದ ವಾಸನೆ ಹೋಗದ ತನ್ನ ಒಳ್ಳೇ ಕೋಟು ತೊಟ್ಟು ಬಂದಿದ್ದ. ಧ್ವನಿವರ್ಧಕದಲ್ಲಿ ಘೋಷಣೆಯಾಯಿತು: "ಮಾನ್ಯ ಪ್ರೇಕ್ಷಕರ ಗಮನಕ್ಕೆ. ಉಭಯ ತಂಡಗಳಿಗೂ ಶುಭಕರವಾದ ಸೋಲನ್ನು ಹಾರೈಸೋಣ."

ಹೌದು, ಉಭಯ ತಂಡಗಳಿಗೂ. ಕ್ರೂಗರ್‌ಫೆರಿಯವರು ಸುಮ್ಮನೆ ಬಂದಿರಲಿಲ್ಲ. ಇಡೀ ಋತು ಸೋತು ಸಂಪಾದಿಸಿದ ಎರಡನೇ ಸ್ಥಾನವನ್ನು ಒಂದು ಗೆಲುವಿನಿಂದ ಹಾಳುಮಾಡಿಕೊಳ್ಳಲು ಅವರಿಗೇನು ಹುಚ್ಚೆ? ಅವರ ಕಡೆಯಿಂದ ಚೆಂಡಿನ ಎದುರು ಕೂರಲು ಬಂದವನು ಟೋಬಿನ್ ಆಗ್ನ್ಯೂ, ಉದ್ದ ಮೂಗಿನ ಶಾಂತ ಹುಡುಗ.

ಶೀಟಿ ಕೂಗಿತು. ಇಬ್ಬರೂ ಚೆಂಡನ್ನು ಮುಟ್ಟಲಿಲ್ಲ.

"ತಗೊಳ್ಲಾ," ಎಂದ ರಾಯ್ಸ್.

"ಇಲ್ಲ, ನೀನೇ ತಗೋ. ನಿಮ್ಮ ಮೈದಾನ, ನೀವೇ ದೊಡ್ಡೋರು."

"ನಿನ್ನಂಥೋನ್ನ ಎರಡು ಸೆಕೆಂಡಲ್ಲಿ ಮಲಗಿಸ್ತೀನಿ ಕಣ್ಲಾ ನಾನು."

"ಮಲಗಿಸು, ಬೇಡ ಅಂದೋರ್ಯಾರು? ನಾವು ವರ್ಷಪೂರ್ತಿ ಬಿದ್ದು ಪಳಗಿದೋರು. ನೀನು ಇವತ್ತು ಹೊಸದಾಗಿ ಬೀಳೋಕೆ ಬಂದಿದೀಯ. ಪಕ್ಕೆ ಹುಷಾರು."

ಹೀಗೆ ಅವರು ಚೆಂಡಿನ ಎರಡು ಪಕ್ಕ ಎಷ್ಟೋ ಹೊತ್ತು ಕೂತಿದ್ದರು. ತೀರ್ಪುಗಾರ ಬಂದು ಬಗ್ಗಿ ನೋಡಿ, ಚೆಂಡು ಸರಿಯಾಗಿದೆಯೆಂದು ದೃಢಪಡಿಸಿ ಹೋದ. ಜನ ಎರಡನೇ ಸಲ ಆಲೂಗಡ್ಡೆ ಹಾಕಿಸಿಕೊಂಡರು.

ಆಗ ರಾಯ್ಸ್‌ನ ತಲೆಯಲ್ಲಿ ದೀಪ ಹೊತ್ತಿತು. ಚೆಂಡು ಬಿಟ್ಟುಕೂತರೆ ಸೋಲು ತಾನಾಗಿ ಬರುವುದಿಲ್ಲ. ಯಾರದ್ದೇ ಕೋಲಿನಿಂದ ಬಂದರೂ ಚೆಂಡು ಯಾರ ಗೂಡಿಗೆ ಬಿತ್ತೋ ಅವರಿಗೆ ನಷ್ಟ. ಅಂದಮೇಲೆ ಸೋಲಬೇಕೆನ್ನುವವನ ಕೈಯಲ್ಲೇ ಚೆಂಡಿರಬೇಕು. ತಗೊಂಡು ಹಿಂದಕ್ಕೆ ಓಡಿ ತನ್ನ ಗೂಡಿಗೇ ಬಾರಿಸಬೇಕು. ಯೋಚನೆ ಮುಗಿಯುವುದರೊಳಗೆ ಅವನ ಬಲೆಯಲ್ಲಿ ಚೆಂಡಿತ್ತು, ಅವನು ಬೆನ್ನು ತಿರುಗಿಸಿ ಓಡುತ್ತಿದ್ದ.

ಕ್ರೂಗರ್‌ಫೆರಿಯವರು ದಡ್ಡರಲ್ಲ. ಅವರೂ ಬೆನ್ನಟ್ಟಿ ಬಂದು ಬಟರ್‌ನಟ್ ಹಾಲೋದ ಗೂಡನ್ನು ಪ್ರಾಣ ಒತ್ತೆಯಿಟ್ಟು ಕಾಯತೊಡಗಿದರು. ಬಟರ್‌ನಟ್ ಹಾಲೋದ ಹುಡುಗರು ಆ ತುದಿಗೆ ಹೋಗಿ ಕ್ರೂಗರ್‌ಫೆರಿಯ ಗೂಡನ್ನು ಕಾಯ್ದರು. ಅಲ್ಲಿಂದ ಮುಂದೆ ಅದು ಆ ಸೀಮೆ ಕಂಡ ಅತ್ಯುತ್ತಮ ಲಕ್ರಾಸ್ ಆಟ. ವೇಗ, ಹೊಂಚು, ಭುಜಕ್ಕೆ ಭುಜ, ಯಾವುದಕ್ಕೂ ಕೊರತೆಯಿರಲಿಲ್ಲ. ದಿಕ್ಕು ಮಾತ್ರ ತಿರುಗಿತ್ತು. ಇದು ಸರಿಯೇ ಎಂದು ಒಬ್ಬ ಅಜ್ಜ ಬೇಲಿಯಾಚೆಯಿಂದ ಕೇಳಿದ್ದಕ್ಕೆ ತೀರ್ಪುಗಾರ, ಯಾವ ಕಡೆ ಓಡಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲವೆಂದು ಉತ್ತರಿಸಿ ಅಜ್ಜನಿಗೆ ಎಚ್ಚರಿಕೆ ನೀಡಿದ.

ರಾಯ್ಸ್‌ಗೆ ಕಂಟಕವಾದವನು ಎದುರಾಳಿಯಲ್ಲ, ತನ್ನದೇ ಗೂಡಿನ ಕಾವಲುಗಾರ ನೆವಿನ್ ಡ್ರಮ್ಮಿ. ಬಾರಿಸಿದ ಚೆಂಡನ್ನೆಲ್ಲ ನೆವಿನ್ ಗಬಕ್ಕನೆ ತಡೆದುಬಿಡುತ್ತಿದ್ದ. ಪ್ರತಿಸಲ ತಡೆದಮೇಲೆ ತಪ್ಪಾಯಿತೆಂದು ಅಳುಮೋರೆ ಮಾಡುತ್ತಿದ್ದ. ಏಳನೇ ವಯಸ್ಸಿನಿಂದ ತಡೆದು ತಡೆದು ಪಳಗಿದ ಅವನ ಕೈಗಳಿಗೆ ಸುತ್ತೋಲೆ ತಲುಪಿರಲಿಲ್ಲ. ಹೀಗೆ ಎರಡು ಕಡೆಯೂ ಸೊನ್ನೆಯಲ್ಲೇ ಹೊತ್ತು ಮುಗಿದು, ಹೆಚ್ಚುವರಿ ಅವಧಿ ಬಂತು. ಮೊದಲ ಗೋಲು ಯಾರ ಗೂಡಿಗೆ ಬೀಳುತ್ತದೋ ಅವರು ಸೋತ ಹಾಗೆ.

ರಾಯ್ಸ್ ನೆವಿನ್‌ನ ಹತ್ತಿರ ಹೋದ.

"ಲೇ ನೆವಿನ್, ನನ್ನ ಮೇಲೆ ವಿಶ್ವಾಸ ಐತಾ?"

"ಐತೆ ಕಣೋ. ಕೈ ಮೇಲೆ ಇಲ್ಲ."

"ಹಂಗಾರೆ ಬೆನ್ನು ಮಾಡಿ ನಿಂತ್ಕೋ. ಬಲೆ ಕಡೆ ನೋಡು. ಅಮ್ಮನ್ನ ನೆನಸ್ಕೋ. ಏನೇ ಸದ್ದಾದ್ರೂ ತಿರುಗಬ್ಯಾಡ."

ನೆವಿನ್ ತಿರುಗಿ ನಿಂತ. ಶೀಟಿ ಕೂಗಿತು. ರಾಯ್ಸ್ ಟೋಬಿನ್‌ನ ಕೋಲಿನಡಿಯಿಂದ ಚೆಂಡನ್ನು ಹಾವು ಇಲಿ ಎಳೆದಂತೆ ಎಳೆದುಕೊಂಡು, ಕ್ರೂಗರ್‌ಫೆರಿಯ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ದಾಟಿ, ಜೀವಮಾನದಲ್ಲೇ ಹೊಡೆಯದಂಥ ಹೊಡೆತವನ್ನು ನೆವಿನ್‌ನ ಬಲಗಿವಿಯ ಪಕ್ಕದಿಂದ ತನ್ನದೇ ಬಲೆಗೆ ಹೊಡೆದ.

ಮೈದಾನ ಎದ್ದು ನಿಂತಿತು. ರಾಯ್ಸ್‌ನ ಅಮ್ಮ ಹೂವು ಹಿಡಿದು ಅತ್ತಳು. ಟೋಬಿನ್ ನೆಲದ ಮೇಲೆ ಕವುಚಿ ಬಿದ್ದಿದ್ದ. ಅವನ ತಂಡ ಗೆದ್ದುಬಿಟ್ಟಿತ್ತು. ಹಾರ್ಲನ್ ಮಗನ ಬೆನ್ನು ತಟ್ಟಿ, ಬಹಳ ಹೊತ್ತು ಯೋಚಿಸಿ, "ಒಳ್ಳೇ ಗೋಲು. ಯಾರಿಗೆ ಹೊಡೆದೆ?" ಎಂದು ಕೇಳಿದ.

ಶ್ರೇಯಾಂಕ ಸಮಿತಿ ಸೇಂಟ್ ಆಲ್ಡೆಲ್ಮ್ ಕಾಲೇಜಿನ ಗಾಜಿನ ಕೋಣೆಯಲ್ಲಿ, ಆ ಕಾಲೇಜಿನವರೇ ಕೊಡಿಸಿದ ಸಮುದ್ರ ಏಡಿಯ ಊಟ ಮಾಡುತ್ತ ಸಭೆ ಸೇರಿತು. ಊಟದ ನಡುವೆ ಒಂದು ಉಪನಿಯಮ ಸಿಕ್ಕಿತು. ಅದುವರೆಗೆ ಅದು ಯಾರಿಗೂ ಸಿಕ್ಕಿರಲಿಲ್ಲ, ಏಕೆಂದರೆ ಇರಲಿಲ್ಲ. ಸೋಲಿನ ಘನತೆಯನ್ನು ಬಿದ್ದ ಎತ್ತರದಿಂದ ಗುಣಿಸತಕ್ಕದ್ದು; ಹೆಚ್ಚು ಗೆದ್ದವನು ಸೋತರೆ ಹೆಚ್ಚು ಎತ್ತರದಿಂದ ಬಿದ್ದಂತೆ. ಆ ಪ್ರಕಾರ ಬಟರ್‌ನಟ್ ಹಾಲೋ ಒಂದನೇ ಸ್ಥಾನಕ್ಕೇರಿತು. ಸೇಂಟ್ ಆಲ್ಡೆಲ್ಮ್ ದೊಡ್ಡ ಮನಸ್ಸಿನಿಂದ ಎರಡಕ್ಕಿಳಿಯಿತು. ಕ್ರೂಗರ್‌ಫೆರಿ ಗೆದ್ದು ಆರಕ್ಕೆ ಬಿತ್ತು. ಒಂದನೇ ಸ್ಥಾನದವರಿಗೆ ಆತಿಥ್ಯದ ಭಾರ ಹೊರಿಸುವುದು ಘನತೆಗೆ ತಕ್ಕದ್ದಲ್ಲವಾದ್ದರಿಂದ, ಟೂರ್ನಿಯನ್ನು ಎರಡನೇ ಸ್ಥಾನದವರ ಹೊಸ ಕ್ರೀಡಾಂಗಣದಲ್ಲಿ ನಡೆಸತಕ್ಕದ್ದು ಎಂದೂ ತೀರ್ಮಾನವಾಯಿತು.

ರಾಯ್ಸ್ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಇನ್ನೊಂದು ಆಟ ಸಿಕ್ಕಿತ್ತು. ಕೋಲಿನ ಬಲೆ ಬಿಚ್ಚಿ ಹೊಸದಾಗಿ ಹೆಣೆದ. ಪಲ್ವರ್ಸ್ ಕಾರ್ನರ್ಸ್‌ನಿಂದ ಜನ ಹಾಲು ಕರೆಯುವ ಕೆಲಸವನ್ನು ಅಕ್ಕಪಕ್ಕದವರಿಗೆ ಒಪ್ಪಿಸಿ, ಟ್ರಕ್ಕುಗಳಲ್ಲಿ ಹೊರಟು ಬಂದರು. ಬಯಲಿನಲ್ಲಿ ಟ್ರಕ್ಕು ನಿಲ್ಲಿಸಿದ್ದಕ್ಕೆ ದುಡ್ಡು ಕೊಟ್ಟರು. ಸಾಸೇಜು ಕೊಂಡರು. ಬ್ಯಾಂಡು ಬಾರಿಸಿತು.

ಒಂದನೇ ಸ್ಥಾನದ ತಂಡಕ್ಕೆ ಮೈದಾನದ ಅಂಚಿನಲ್ಲಿ ಮೆತ್ತೆಯ ಕುರ್ಚಿಗಳನ್ನು ಹಾಕಿದ್ದರು. ಹುಡುಗರು ಶಿರಸ್ತ್ರಾಣ ತೊಟ್ಟು ಕುರ್ಚಿಯಲ್ಲಿ ಕೂತರು. ಪೆಟ್ಟಿಬೋನ್ ಧ್ವನಿವರ್ಧಕದ ಮುಂದೆ ನಿಂತು ಪ್ರಕಟಣೆ ಓದಿದರು: "ಒಂದನೇ ಸ್ಥಾನದ ತಂಡವು ಅಂತಿಮ ಪಂದ್ಯ ಗೆದ್ದರೆ ಚಾಂಪಿಯನ್ ಆಗುತ್ತದೆ. ಸೋತರೆ ಅದರ ಘನತೆ ಇನ್ನೂ ಹೆಚ್ಚಿ, ಆಗಲೂ ಅದೇ ಚಾಂಪಿಯನ್ ಆಗುತ್ತದೆ. ಫಲಿತಾಂಶ ಎರಡು ರೀತಿಯಲ್ಲೂ ಒಂದೇ ಆಗಿರುವುದರಿಂದ ಪಂದ್ಯವನ್ನು ಆಡಿಸುವುದು ಹುಡುಗರ ಮಂಡಿಗಳ ಅನಗತ್ಯ ಸವೆತವೆಂದು ಸಮಿತಿ ಅಭಿಪ್ರಾಯಪಟ್ಟಿದೆ. ಇದೇ ತರ್ಕ ಉಳಿದ ಪಂದ್ಯಗಳಿಗೂ ಅನ್ವಯಿಸುತ್ತದೆ. ಚಾಂಪಿಯನ್ನರಿಗೆ ಅಭಿನಂದನೆಗಳು. ವಾಹನ ನಿಲುಗಡೆಯ ದುಡ್ಡನ್ನು ಹಿಂತಿರುಗಿಸಲಾಗುವುದಿಲ್ಲ."

ಜನ ಚಪ್ಪಾಳೆ ತಟ್ಟಿದರು. ರಾಯ್ಸ್ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚಾಂಪಿಯನ್ನರಿಗೆ ಕೊಡುವ ಉಂಗುರ ತೊಡಿಸಲು ಪೆಟ್ಟಿಬೋನ್ ಹತ್ತಿರ ಬಂದಾಗ ಕೇಳಿದ.

"ಮೇಡಂ, ನಾವು ಆಡೋದು ಯಾವಾಗ?"

"ನೀವು ಆಡೋ ಹಂತ ದಾಟಿಬಿಟ್ಟಿದೀರಪ್ಪ," ಎಂದರು ಅವರು, ಉಂಗುರವನ್ನು ಬೆರಳಿಗೆ ಒತ್ತುತ್ತ.

"ರಾಷ್ಟ್ರಮಟ್ಟದಲ್ಲಾದ್ರೂ ಆಡಿಸ್ತೀರಾ?"

ಅದೂ ತೀರ್ಮಾನವಾಗಿತ್ತು. ನಡೆಯದ ಅಂತಿಮ ಪಂದ್ಯದಲ್ಲಿ ಸೇಂಟ್ ಆಲ್ಡೆಲ್ಮ್ ಸೋತಂತಾಗಿತ್ತು, ಅದೂ ಒಕ್ಕೂಟದ ಅತ್ಯಂತ ಘನವಾದ ತಂಡದ ಎದುರು. ಅದಕ್ಕಿಂತ ಘನವಾದ ಸೋಲು ಚರಿತ್ರೆಯಲ್ಲಿ ಇಲ್ಲವಾದ್ದರಿಂದ ಆ ಕಾಲೇಜನ್ನೇ ರಾಷ್ಟ್ರಮಟ್ಟಕ್ಕೆ ಕಳಿಸಲಾಗುತ್ತಿತ್ತು. ರಾಯ್ಸ್ ಬೆರಳನ್ನು ನೋಡಿಕೊಂಡ. ಉಂಗುರ ಭಾರವಾಗಿತ್ತು, ಹೊಳೆಯುತ್ತಿತ್ತು, ಸ್ವಲ್ಪ ಸಡಿಲವಾಗಿತ್ತು. ಅವನು ಕೋಲು ತಗೊಂಡು ಖಾಲಿ ಮೈದಾನದ ನಡುಗೆರೆಯ ತನಕ ಹೋಗಿ, ಸ್ವಲ್ಪ ಹೊತ್ತು ಕಪ್ಪೆಯ ಹಾಗೆ ಕೂತ. ಎದುರಿಗೆ ಯಾರೂ ಇರಲಿಲ್ಲ. ಹುಲ್ಲು ತುಳಿಯಬಾರದೆಂದು ಕಾವಲಿನವನು ಹೇಳಿದಮೇಲೆ ಎದ್ದು ಬಂದ.

ಊರಿನಲ್ಲಿ ಅಗ್ನಿಶಾಮಕ ಸ್ವಯಂಸೇವಕರು ತಮ್ಮ ಕಟ್ಟಡದ ಮುಂದೆ ಕೋಳಿ ಸುಟ್ಟು ಅವನಿಗೆ ಸನ್ಮಾನ ಏರ್ಪಡಿಸಿದರು. ಮೊದಲು ರಾಯ್ಸ್‌ಗೆ ಬೆರಳಿನ ಉಂಗುರವನ್ನು ತಿರುಗಿಸುವುದೇ ಕೆಲಸವಾಗಿತ್ತು. ಆಮೇಲೆ ಯಾರೋ ಆ ಗೋಲಿನ ಬಗ್ಗೆ ಕೇಳಿದರು. ಅವನು ಹೇಳತೊಡಗಿದ. ಎರಡನೇ ಸಲ ಹೇಳುವಾಗ ದಾಟಿದ ನಾಲ್ವರು ಆರಾದರು. ಗೆಲ್ಲೋದು ಯಾವನಿಗಾದ್ರೂ ಬರ್ತದೆ, ನನ್ನ ಹಂಗೆ ಸೋಲೋ ಗಂಡು ಈ ಜಿಲ್ಲೇಲಿ ಹುಟ್ಟಿಲ್ಲ ಎಂದು ಅವನು ಮುಗಿಸುವ ಹೊತ್ತಿಗೆ ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾರ್ಲನ್ ಕೂಡ ಹೌದೆಂದು ತಲೆಯಾಡಿಸಿದ. ಊರಿನ ಶಾಲೆಯವರು ತಮ್ಮ ಹುಡುಗರಿಗೆ ತರಬೇತಿ ಕೊಡಲು ಅವನನ್ನು ಅಲ್ಲೇ ಕೇಳಿಕೊಂಡರು. ಹಾಲು ಕರೆದಾದಮೇಲೆ ಸಂಜೆ ಬರುತ್ತೇನೆಂದು ಅವನು ಒಪ್ಪಿದ.

ಮುಂದಿನ ವಸಂತದಲ್ಲಿ ಪಲ್ವರ್ಸ್ ಕಾರ್ನರ್ಸ್ ಶಾಲೆ ಮೊದಲ ಪಂದ್ಯವನ್ನು ಬಹಳ ಘನವಾಗಿ ಸೋತಿತು. ಊರವರು ಎದ್ದು ನಿಂತು ಗೌರವ ಸಲ್ಲಿಸಿದರು. ಗೆದ್ದ ತಂಡದ ಕೋಚ್ ಸಾಲಿನಲ್ಲಿ ಬಂದು ಒಬ್ಬೊಬ್ಬರ ಕೈ ಕುಲುಕಿ, ತಮ್ಮ ಹುಡುಗರು ಇನ್ನೂ ಚಿಕ್ಕವರು, ಕಲಿತುಕೊಳ್ಳುತ್ತಾರೆ, ಈ ಒಂದು ಸಲ ಮನ್ನಿಸಬೇಕು ಎಂದು ಕೇಳಿಕೊಂಡ.