ದೀಪಾವಳಿಗೆ ನಾನು ಸತ್ತದ್ದು

ನಾನು ಸತ್ತುಹೋದ ಸುದ್ದಿ ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೇ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಮನೆಯಲ್ಲಿ ಯಾವ ಸುದ್ದಿಯೂ ಯಜಮಾನನಿಗೆ ಮೊದಲು ತಿಳಿದದ್ದಿಲ್ಲ. (ಯಜಮಾನ ಎಂದರೆ ನಾನು, ಸಿಂಗಾರವೇಲು. ಕಡಲಾಚೆಯ ಸುಂಗೈ ಪಟಾನಿ ಊರಿನ ಈ ಸಾಲುಮನೆಯ ಗೇಟಿನ ಮೇಲೆ ನನ್ನ ಹೆಸರಿದೆ. ನನ್ನ ಅಧಿಕಾರ ಆ ಗೇಟಿಗೇ ಮುಗಿಯುತ್ತದೆ.)

ಈ ದೀಪಾವಳಿಗೆ ಮಾತ್ರ ನನ್ನ ಮಾತು ನಡೆಯಿತು. ಅಲ್ಲೇ ಎಡವಟ್ಟಾಯಿತು.

ಹಬ್ಬ ಹತ್ತಿರವಾದಾಗ ಹೆಂಡತಿ ಅಂಜಲೈ ಮೇಲಿನ ಗೂಡಿನಿಂದ ಡಬ್ಬಿ ಇಳಿಸಿ ಹಣತೆಗಳನ್ನು ತೊಳೆಯತೊಡಗಿದಳು. ಹೋದ ದೀಪಾವಳಿಗೆ ನಮ್ಮ ಮನೆ ಕತ್ತಲಾಗಿತ್ತು. ಅದರ ಹಿಂದಿನ ಹಬ್ಬ ಮುಗಿಸಿಕೊಂಡು ಬೈಕಿನಲ್ಲಿ ಕೆಲಸಕ್ಕೆ ಹೊರಟ ನಮ್ಮ ಮಗ ಇಳಂಗೋ ಕೆಲಸಕ್ಕೂ ತಲುಪಲಿಲ್ಲ, ಮನೆಗೂ ಮರಳಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ದೀಪ ಹಚ್ಚುವುದಿಲ್ಲ, ಬಾಣಲೆ ಇಡುವುದಿಲ್ಲ. ನೆರೆಯವರೇ ತಿಂಡಿ ತಂದುಕೊಟ್ಟು ಹೋಗುತ್ತಾರೆ. ಆ ವರ್ಷದ ಕರ್ಮವೆಲ್ಲ ಮುಗಿದು ಎಷ್ಟೋ ಕಾಲವಾಗಿತ್ತು. ಇನ್ನು ಹಚ್ಚಲೇಬೇಕೆಂದು ದೇವಸ್ಥಾನದ ಅಯ್ಯರೂ ಅವಳಿಗೆ ಹೇಳಿದ್ದರಂತೆ.

ನನಗೆ ಮನಸ್ಸಿರಲಿಲ್ಲ. ದೀಪ ಹಚ್ಚಿದರೆ ಅವನಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ. ಆದರೆ ಹಾಗೆಂದು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳುವ ಗಂಡಸು ನಾನಲ್ಲ. ನಾನು ಭಾಷಣ ಮಾಡುವ ಗಂಡಸು. ಮಾಡಿದೆ.

ಈಗಿನ ದೀಪಾವಳಿ ಎಂದರೇನು? ಮಿಣಿಮಿಣಿ ಪ್ಲಾಸ್ಟಿಕ್ ಸರ, ಮಾಲ್ ಬಾಗಿಲಲ್ಲಿ ಬಣ್ಣದಕ್ಕಿಯ ನವಿಲಿನ ರಂಗೋಲಿ, ಒಬ್ಬರು ತಳ್ಳಿದ್ದನ್ನು ಇನ್ನೊಬ್ಬರು ತಳ್ಳುವ ಫೋನಿನ ಶುಭಾಶಯ. ಇಂದು ನರಕಾಸುರನಿದ್ದರೆ ಶ್ರೀಕೃಷ್ಣ ಬರುವ ತನಕ ಕಾಯುತ್ತಿರಲಿಲ್ಲ, ಈ ಸರಗಳ ಮಿಣುಕಿಗೇ ತಲೆಸುತ್ತಿ ಬಿದ್ದು ಸಾಯುತ್ತಿದ್ದ. ನಿಜವಾದ ದೀಪ ಅಂತರಂಗದ ಗರ್ಭಗುಡಿಯಲ್ಲಿ ಬೆಳಗಬೇಕು. ಅದು ಆತ್ಮಜ್ಯೋತಿ, ಅದು ಪರಂಜ್ಯೋತಿ, ಇತ್ಯಾದಿ.

"ಅದೂ ಉರೀಲಿ ಬಿಡಿ," ಎಂದಳು ಅಂಜಲೈ. "ಬಾಗಿಲಲ್ಲಿ ಒಂದು ಹಣತೆ ಇಡ್ತೀನಿ ರೀ. ಒಂದೇ ಒಂದು."

"ಬೇಡ ಅಂದ್ರೆ ಬೇಡ."

"ಎಷ್ಟು ದಿನ ಹೀಗೆ?"

ಅವಳು ಹಣತೆಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಡಬ್ಬಿಗೆ ಹಾಕಿದಳು. ಮದುವೆಯಾದ ಮೇಲೆ ಮೊದಲ ಸಲ ವಾದದಲ್ಲಿ ಗೆದ್ದೆನೆಂದು ಬೀಗಿದೆ.

ಕಾಫಿ ಅಂಗಡಿಗೆ ಹೋದರೆ "ಮುರುಕ್ಕು ಕರಿದಾಯ್ತಾ?" ಎಂದು ಕೇಳುತ್ತಾರೆ. ಹಾಗಾಗಿ ಆ ವಾರವೆಲ್ಲ ಹೊರಗೆ ತಲೆಹಾಕಲಿಲ್ಲ. ಹಬ್ಬದ ಸಂಜೆ ನಮ್ಮ ಬೀದಿಯ ತಮಿಳರ ಮನೆಗಳೆಲ್ಲ ಜಗಜಗಿಸುತ್ತಿದ್ದಾಗ ನಾನು ಹಿಂದಿನ ಕೋಣೆಯಲ್ಲಿ ಲುಂಗಿ ಬನಿಯನ್ನಿನಲ್ಲಿ ಕುಳಿತು ಆತ್ಮಜ್ಯೋತಿ ಹುಡುಕುತ್ತಿದ್ದೆ. (ಸೊಳ್ಳೆ ಸಿಕ್ಕವು.) ಆಗ ಮುಂಬಾಗಿಲಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿ ಪರದೆಯ ಸಂದಿಯಲ್ಲಿ ಇಣುಕಿದೆ.

ಪಕ್ಕದ ಮನೆಯ ಚೀನೀ ಹೆಂಗಸು ಊಯಿ ಅಮ್ಮ ನಿಂತಿದ್ದಳು, ಕೈಯಲ್ಲಿ ಬಿಳಿ ಲಕೋಟೆ. ಚೀನೀಯರು ಬಿಳಿ ಲಕೋಟೆಯಲ್ಲಿ ದುಡ್ಡಿಟ್ಟು ಕೊಡುವುದು ಸಾವಾದ ಮನೆಗೆ. ಮಗಳ ಮನೆಗೆಂದು ಪೆನಾಂಗಿಗೆ ಹೋಗಿದ್ದವಳು ಅಂದೇ ಮರಳಿದ್ದಳು. ನಮ್ಮ ಪಕ್ಕದಲ್ಲೇ ಬಾಳಿ ನಮ್ಮ ಪದ್ಧತಿಯನ್ನು ನಮಗಿಂತ ಚೆನ್ನಾಗಿ ಬಲ್ಲವಳು. ದೀಪಾವಳಿಗೆ ಕತ್ತಲಾದ ಮನೆ ಎಂದರೆ ಆ ವರ್ಷ ಹೆಣ ಎತ್ತಿದ ಮನೆ. ಮಗನ ವರ್ಷ ಕಳೆದಿದೆ. ಹೆಂಡತಿ ಹಳೆಯ ಸೀರೆಯಲ್ಲಿ, ತಲೆಗೆ ಹೂವಿಲ್ಲದೆ ನಿಂತಿದ್ದಾಳೆ. ಗಂಡನ ಸುಳಿವೇ ಇಲ್ಲ. ಇನ್ನೇನು ಬೇಕು?

ಅವಳ ಹಿಂದೆಯೇ ದೇವಸ್ಥಾನ ಸಮಿತಿಯ ಅಧ್ಯಕ್ಷ ಕರುಪ್ಪಣ್ಣನ್ ಮುರುಕ್ಕಿನ ಡಬ್ಬಿ ಹಿಡಿದು ಬಂದರು. ಬೀದಿಯಲ್ಲಿ ಅವಳಿಂದಲೇ ಸುದ್ದಿ ತಿಳಿದಿತ್ತಂತೆ.

"ನಮಗೊಂದು ಮಾತು ಹೇಳಿ ಕಳಿಸಬಾರದಿತ್ತಾ ತಂಗೀ?" ಎಂದರು. "ಒಳ್ಳೆ ಮನುಷ್ಯ. ಬಾಯಿ ಸ್ವಲ್ಪ ಜಾಸ್ತಿ, ಅದೊಂದು ಬಿಟ್ರೆ ಒಳ್ಳೇನೇ. ಯಾವಾಗ ಹೋದ್ರು?"

ಈಗ ಅಂಜಲೈ ನಕ್ಕು, ಅಯ್ಯೋ ಒಳಗೇ ಬಿದ್ದುಕೊಂಡಿದ್ದಾರೆ ಎನ್ನುತ್ತಾಳೆಂದು ಕಾದೆ. ಅವಳು ಲಕೋಟೆ ನೋಡಿದಳು, ಇಬ್ಬರ ಮುಖ ನೋಡಿದಳು. ಅವರು ಏನೆಂದುಕೊಂಡಿದ್ದಾರೆಂದು ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

"ಎರಡು ವರ್ಷ ಆಯ್ತಣ್ಣ," ಎಂದಳು. "ಮಗನ ಜೊತೇಲೇ ಹೋದ್ರು. ನನ್ನೊಬ್ಳನ್ನ ಇಲ್ಲಿ ಬಿಟ್ರು."

ಕುಟುಕಿದ್ದರೆ ಜಗಳಕ್ಕಾದರೂ ಹೋಗುತ್ತಿದ್ದೆ. ಅವಳು ಅಳುತ್ತಿದ್ದಳು. ಮಗನ ದೇಹವನ್ನು ಮನೆಗೆ ತಂದ ದಿನವೂ ನನ್ನನ್ನು ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಅವಳು ಮನಸಾರೆ ಅತ್ತಿರಲಿಲ್ಲ. ಪರದೆ ಸರಿಸಿ ಹೊರಗೆ ಬಂದೆ.

ಕರುಪ್ಪಣ್ಣನ್ ಕೈಯ ಡಬ್ಬಿ ಜಾರಿ ಮುರುಕ್ಕು ನೆಲದ ತುಂಬ ಉರುಳಿತು. ಊಯಿ ಅಮ್ಮ ಮೊದಲು ನನ್ನ ಪಾದ ನೆಲಕ್ಕೆ ತಾಗಿದೆಯೇ ಎಂದು ಪರೀಕ್ಷಿಸಿದಳು, ಆಮೇಲೆ ಲಕೋಟೆಯನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದಳು. ಕರುಪ್ಪಣ್ಣನ್‌ಗೆ ಮಾತ್ರ, ಹೊಗಳಿದ್ದು ದಂಡವಾಯಿತೆಂದು ಸಿಟ್ಟು ಬಂತು.

"ಹಾಗಾದ್ರೆ ಈ ಮನೇಲಿ ಸತ್ತಿದ್ದು ಯಾರ್ರೀ?"

"ಇಳಂಗೋ," ಎಂದೆ.

ಅವನು ಹೋದ ಮೇಲೆ ಆ ಹೆಸರು ನನ್ನ ಬಾಯಿಗೆ ಬಂದದ್ದು ಅದೇ ಮೊದಲು.

"ಅದು ಆಗಿಹೋಯ್ತಲ್ಲಪ್ಪ," ಎಂದಳು ಊಯಿ ಅಮ್ಮ, ಮಗುವಿಗೆ ಹೇಳುವ ಹಾಗೆ.

ಅಡುಗೆಮನೆಗೆ ಹೋಗಿ ಹಣತೆಯ ಡಬ್ಬಿ ಇಳಿಸಿದೆ. ಅಂತರಂಗದ ಜ್ಯೋತಿಯ ವಿಳಾಸ ಬಲ್ಲ ನನಗೆ ನನ್ನ ಮನೆಯಲ್ಲಿ ಎಳ್ಳೆಣ್ಣೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಲೆಯ ಪಕ್ಕದ ಬಟ್ಟಲಲ್ಲಿದ್ದ ಎಣ್ಣೆಯನ್ನೇ ಸುರಿದು, ಔಷಧಿ ಡಬ್ಬಿಯ ಹತ್ತಿ ಹೊಸೆದು, ಹೊಸ್ತಿಲಲ್ಲಿ ದೀಪ ಹಚ್ಚಿದೆ. ಅದು ಒಣಮೀನು ಕರಿದ ಎಣ್ಣೆ ಎಂದು ಬೀದಿಯ ಬೆಕ್ಕುಗಳಿಗೆ ಮೊದಲು ತಿಳಿಯಿತು. ಕರುಪ್ಪಣ್ಣನ್ ಮೂಗು ಮುಚ್ಚಿಕೊಂಡು "ಮುರುಗಾ" ಎಂದರು. ಅಂಜಲೈ ಗಾಳಿಗೆ ಆರದಂತೆ ಸೆರಗು ಅಡ್ಡ ಹಿಡಿದು ದೀಪದ ಪಕ್ಕ ಕುಳಿತಳು. ನಾನೂ ಕುಳಿತೆ.

ಅಷ್ಟರಲ್ಲಿ ನನ್ನ ಸಾವಿನ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಕಾಫಿ ಅಂಗಡಿಯ ಮಾಲೀಕ ಹಬ್ಬದ ಹೊಸ ಅಂಗಿ ಬಿಚ್ಚಿಟ್ಟು, ಬಿಳಿಯದನ್ನು ಹಾಕಿಕೊಂಡು ಓಡಿ ಬಂದ. ಒಂದೇ ಹಣತೆಯ ಮಂದ ಬೆಳಕಲ್ಲಿ ನನ್ನ ಗುರುತು ಸಿಗದೆ ಗೇಟಿನಲ್ಲೇ ನಿಂತು, ತಗ್ಗಿದ ದನಿಯಲ್ಲಿ ಯಜಮಾನರ ವಿಷಯ ಕೇಳಿದ.

ಅಂಜಲೈ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ತಾನೇ ಬಂದ್ರು," ಎಂದಳು. "ಬನ್ನಿ, ಒಳಗೆ ಬನ್ನಿ."